ಎಣ್ಣೆ ಪ್ಯಾಕೆಟ್ಟಿನ ಮೇಲೆ ಕಾಣದ ಎರಡು ಅಕ್ಷರ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ನಿಮ್ಮಲ್ಲಿ ಒಂದು ಕೋರಿಕೆ. ನೀವು ಅಡುಗೆಮನೆಯಲ್ಲೇ ಇದ್ದರೆ, ಎಣ್ಣೆಯ ಪ್ಯಾಕೆಟ್ಟನ್ನೋ ಕ್ಯಾನನ್ನೋ ಒಮ್ಮೆ ಕೈಗೆ ತೆಗೆದುಕೊಳ್ಳಿ. ಅಕ್ಷರ ಸಣ್ಣವು, ಕನ್ನಡಕ ಬೇಕಾದೀತು. ಎಷ್ಟೆಲ್ಲ ಬರೆದಿದ್ದಾರೆ ನೋಡಿ. ತೂಕ, ಬೆಲೆ, ತುಂಬಿದ ದಿನಾಂಕ, ಎಷ್ಟು ತಿಂಗಳು ಇಡಬಹುದು, ಎಷ್ಟು ಕೊಬ್ಬು, ಯಾವ ವಿಟಮಿನ್ ಸೇರಿಸಿದ್ದಾರೆ. ಪಕ್ಕದಲ್ಲಿ ಒಂದು ಹಸಿರು ಚುಕ್ಕಿ. ಇಷ್ಟೆಲ್ಲ ಇದ್ದೂ ಒಂದು ವಿಷಯ ಮಾತ್ರ ಇಲ್ಲ. ಆ ಎಣ್ಣೆ ಬಂದ ಕಾಳು ಎಂಥ ಬೀಜದಿಂದ ಬೆಳೆದದ್ದು ಎನ್ನುವುದು.

2013ರ ಜನವರಿ 1ರಂದು ನಮ್ಮ ದೇಶದಲ್ಲಿ ಒಂದು ನಿಯಮ ಜಾರಿಗೆ ಬಂತು. ಕುಲಾಂತರಿ ಆಹಾರ ಇರುವ ಪ್ರತಿ ಪ್ಯಾಕೆಟ್ಟಿನ ಮುಖದ ಮೇಲೆ, ಎಲ್ಲಕ್ಕಿಂತ ಮೇಲ್ಗಡೆ, 'ಜಿಎಂ' ಎಂದು ಬರೆದಿರಬೇಕು ಅಂತ. ಎರಡೇ ಅಕ್ಷರ. ಆವತ್ತಿನಿಂದ ನಾನು ಅಂಗಡಿಗೆ ಹೋದಾಗಲೆಲ್ಲ ಆ ಎರಡು ಅಕ್ಷರ ಹುಡುಕುತ್ತಾ ಬಂದಿದ್ದೇನೆ. ಒಂದು ಪ್ಯಾಕೆಟ್ಟಿನ ಮೇಲೂ ಕಂಡಿಲ್ಲ. ನೀವು ನೋಡಿದ್ದೀರಾ?

ಕುಲಾಂತರಿ ಅಂದರೆ ಏನು ಎಂದು ಮೊದಲು ಸುಲಭವಾಗಿ ಹೇಳಿಬಿಡುತ್ತೇನೆ. ಒಂದು ಜೀವಿಯ ಗುಣವನ್ನು ಹೊತ್ತಿರುವ ವಂಶವಾಹಿಯನ್ನು ತೆಗೆದು, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಜೀವಿಯೊಳಗೆ ಪ್ರಯೋಗಾಲಯದಲ್ಲಿ ಸೇರಿಸುವುದು. ಮಣ್ಣಿನಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎನ್ನುವ ಒಂದು ಬ್ಯಾಕ್ಟೀರಿಯಾ ಇದೆ. ಅದು ತಯಾರಿಸುವ ಒಂದು ಪ್ರೋಟೀನನ್ನು ಕೆಲವು ಜಾತಿಯ ಹುಳು ತಿಂದರೆ ಹೊಟ್ಟೆ ಕೆಟ್ಟು ಸಾಯುತ್ತವೆ. ಆ ವಂಶವಾಹಿಯನ್ನು ಹತ್ತಿ ಗಿಡದೊಳಗೆ ಸೇರಿಸಿದರು. ಗಿಡ ತಾನೇ ಆ ಪ್ರೋಟೀನ್ ತಯಾರಿಸತೊಡಗಿತು. ಬ್ಯಾಕ್ಟೀರಿಯಾದ ಹೆಸರಿನ ಮೊದಲಕ್ಷರಗಳೇ ಬಿ, ಟಿ. ನಮ್ಮ ರೈತರೆಲ್ಲರ ಬಾಯಲ್ಲಿ ಓಡಾಡುವ 'ಬಿಟಿ ಹತ್ತಿ' ಹುಟ್ಟಿದ್ದು ಹೀಗೆ. ಭಾರತದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಮೊದಲ ಕಂತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ರೈತರು ವ್ಯಾಪಾರಕ್ಕೆಂದು ಹೊಲದಲ್ಲಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ನಮ್ಮಲ್ಲಿ ಇದೊಂದೇ. ಅದಕ್ಕೇ ಹೆಚ್ಚಿನವರು ಹೇಳುವುದು, "ಹತ್ತಿ ತಾನೇ, ಅದನ್ನು ಯಾರು ತಿಂತಾರೆ?"

ನಾವೇ ತಿನ್ನುತ್ತೇವೆ. ನನ್ನ ತಂಗಿಯನ್ನು ಹಾವೇರಿ ಜಿಲ್ಲೆಗೆ ಕೊಟ್ಟಿದೆ. ಅವಳ ಮನೆಯಲ್ಲಿ ಎರಡು ಎಮ್ಮೆ. ಸಂಜೆ ಹಾಲು ಕರೆಯುವ ಮುಂಚೆ ನೆನೆಸಿದ ಹತ್ತಿಕಾಳು ಹಾಕುತ್ತಾಳೆ. "ಅಕ್ಕಾ, ಹತ್ತಿಕಾಳು ಹಾಕಿದ್ರ ಹಾಲು ಗಟ್ಟಿ ಬರ್ತದ, ಬೆಣ್ಣಿ ಹೆಚ್ಚು ಬರ್ತದ" ಅನ್ನುತ್ತಾಳೆ. ನಿಜವೇ, ಅವಳ ಮನೆಯ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿರುತ್ತದೆ. ಆ ಹತ್ತಿಕಾಳಿನಿಂದ ಎಣ್ಣೆಯೂ ತೆಗೆಯುತ್ತಾರೆ. ಕರಿದ ತಿಂಡಿ ತಯಾರಿಸುವವರಿಗೆ ಅದು ಅನುಕೂಲದ ಎಣ್ಣೆ, ವಾಸನೆ ಕಡಿಮೆ. ಚೌಚೌ, ಚಿಪ್ಸ್ ಪ್ಯಾಕೆಟ್ಟಿನ ಹಿಂದೆ 'ಕಾಟನ್ ಸೀಡ್ ಆಯಿಲ್' ಎಂದು ಸಣ್ಣದಾಗಿ ಬರೆದಿರುವುದನ್ನು ನೀವೂ ನೋಡಿರಬಹುದು. ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬಿಟಿ ಎಂದ ಮೇಲೆ, ಆ ಎಣ್ಣೆ ಎಲ್ಲಿಯದು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸೋಯಾ ಎಣ್ಣೆ. ನಮ್ಮ ದೇಶಕ್ಕೆ ಅದು ದೊಡ್ಡ ಪ್ರಮಾಣದಲ್ಲಿ ಹಡಗಿನಲ್ಲಿ ಬರುವುದು ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ. ಅಲ್ಲಿ ಬೆಳೆಯುವ ಸೋಯಾ ಹೆಚ್ಚುಕಡಿಮೆ ಎಲ್ಲವೂ ಕುಲಾಂತರಿ. 2021ರಲ್ಲಿ ಕೋಳಿ ಮೇವಿನ ಬೆಲೆ ಏರಿದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಿಕೊಳ್ಳಲು ಸರ್ಕಾರವೇ ಒಪ್ಪಿತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಕುಲಾಂತರಿ ಆಹಾರವೆಲ್ಲ ವಿಷ ಎಂದು ಹೇಳಲು ನಾನು ಇಲ್ಲಿ ಕೂತಿಲ್ಲ. ಈಗ ಜಗತ್ತಿನ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳು ಸುರಕ್ಷತೆಯ ಪರೀಕ್ಷೆ ದಾಟಿ ಬಂದಿವೆ, ಅವುಗಳಿಂದ ಆರೋಗ್ಯಕ್ಕೆ ತೊಂದರೆ ಆಗುವ ಸಂಭವ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ಎಲ್ಲಕ್ಕೂ ಒಂದೇ ತೀರ್ಪು ಕೊಡಬಾರದು ಎಂದೂ ಹೇಳಿದೆ. ನಾನು ವರ್ಷಗಟ್ಟಲೆ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡಿದವಳು. ಪುರಾವೆ ಇಲ್ಲದೆ ಹೆದರಿಸುವುದು ನನಗೆ ಆಗದ ಕೆಲಸ.

ವಿಷ ಅಲ್ಲ ಅಂದ ಮೇಲೆ ಪ್ಯಾಕೆಟ್ಟಿನ ಮೇಲೆ ಚೀಟಿ, ಅಂದರೆ ಲೇಬಲ್, ಯಾಕೆ ಎಂದು ಕಂಪನಿಯವರು ಕೇಳುತ್ತಾರೆ. 'ಜಿಎಂ' ಎಂದು ಬರೆದರೆ ಜನ ಸುಮ್ನೆ ಹೆದರುತ್ತಾರೆ ಎನ್ನುವುದು ಅವರ ವಾದ. ಅದಕ್ಕೆ ನನ್ನ ಉತ್ತರ ನಿಮ್ಮ ಕೈಲಿರುವ ಪ್ಯಾಕೆಟ್ಟಿನಲ್ಲೇ ಇದೆ. ಆ ಹಸಿರು ಚುಕ್ಕಿ! ಅದು ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಚುಕ್ಕಿ ಹಸಿರಿದ್ದರೆ ಸಸ್ಯಾಹಾರ, ಕಂದು ಗುರುತಿದ್ದರೆ ಮಾಂಸಾಹಾರ. ಮೊಟ್ಟೆಯೋ ಮಾಂಸವೋ ವಿಷ ಅಂತ ಯಾರಾದರೂ ಆ ಗುರುತು ಹಾಕಿದರೇ? ಇಲ್ಲ. ಉಣ್ಣುವವರಿಗೆ ತಮ್ಮ ತಟ್ಟೆಯಲ್ಲಿ ಏನಿದೆ ಎಂದು ತಿಳಿದಿರಬೇಕು, ಅಷ್ಟೇ ಅದರ ಉದ್ದೇಶ. ಕಂದು ಗುರುತು ಬಂದ ಮೇಲೂ ಮೊಟ್ಟೆ ಹಾಕಿದ ಬಿಸ್ಕತ್ತು ಮಾರಾಟ ಆಗುತ್ತಲೇ ಇದೆ. ಬೇಕಾದವರು ತಗೊಳ್ತಾರೆ, ಬೇಡದವರು ಬಿಡ್ತಾರೆ. ಕುಲಾಂತರಿಗೂ ಅಷ್ಟೇ ಸಾಕು ಅಂತ ನಾನು ಕೇಳುವುದು.

ಕಾನೂನು ಇಲ್ಲ ಅಂತಲ್ಲ. ಕುಲಾಂತರಿ ಜೀವಿಗಳನ್ನು ತಯಾರಿಸಲು, ಬಳಸಲು, ಆಮದು ಮಾಡಲು 1989ರಲ್ಲೇ ನಿಯಮ ಬಂತು, ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ. ಅದರ ಪ್ರಕಾರ ಪರಿಸರ ಸಚಿವಾಲಯದಲ್ಲಿ ಜಿಇಎಸಿ ಎನ್ನುವ ಸಮಿತಿ ಕೆಲಸ ಮಾಡುತ್ತದೆ. ಆಮೇಲೆ 2006ರ ಆಹಾರ ಸುರಕ್ಷತಾ ಕಾಯ್ದೆ ಬಂತು. ಅದರ 22ನೇ ಸೆಕ್ಷನ್ ಪ್ರಕಾರ, ನಿಯಮದಲ್ಲಿ ಅವಕಾಶ ಮಾಡಿಕೊಡದ ಹೊರತು ಕುಲಾಂತರಿ ಆಹಾರವನ್ನು ಯಾರೂ ತಯಾರಿಸುವಂತಿಲ್ಲ, ಮಾರುವಂತಿಲ್ಲ, ತರಿಸಿಕೊಳ್ಳುವಂತಿಲ್ಲ. ಆದರೆ ಆ ನಿಯಮವನ್ನು ಮಾಡಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಕರಡು ಪ್ರಕಟಿಸಿದ್ದು 2021ರ ನವೆಂಬರಿನಲ್ಲಿ. ಹದಿನೈದು ವರ್ಷ ಆದ ಮೇಲೆ! 2022ರಲ್ಲಿ ಅದನ್ನು ತಿದ್ದಿ ಇನ್ನೊಂದು ಕರಡು ತಂದರು. ಯಾವುದೇ ಪದಾರ್ಥದಲ್ಲಿ ನೂರಕ್ಕೆ 1 ಭಾಗ ಅಥವಾ ಹೆಚ್ಚು ಕುಲಾಂತರಿ ಇದ್ದರೆ ಚೀಟಿಯಲ್ಲಿ ಬರೆಯಬೇಕು, ಹಸುಗೂಸುಗಳ ಆಹಾರದಲ್ಲಿ ಬಳಸಲೇಬಾರದು ಎಂದು 2021ರ ಕರಡಿನಲ್ಲಿತ್ತು. ಒಳ್ಳೆಯ ಮಾತುಗಳೇ. ಆದರೆ ಕರಡನ್ನು ಹಿಡಿದು ಯಾವ ಇನ್ಸ್‌ಪೆಕ್ಟರೂ ಅಂಗಡಿಗೆ ಹೋಗಲಾರ.

'ಜಿಎಂ' ಎಂದು ಬರೆಯಬೇಕೆನ್ನುವ 2013ರ ನಿಯಮ ಬಂದದ್ದು ಎಲ್ಲಿಂದ ಗೊತ್ತೇ? ತೂಕ ಮತ್ತು ಅಳತೆಯ ಕಾನೂನಿನಿಂದ. ತಕ್ಕಡಿ, ಲೀಟರು, ಎಂಆರ್‌ಪಿ ನೋಡುವ ಇಲಾಖೆಯವರು ಪ್ಯಾಕೆಟ್ಟಿನೊಳಗಿನ ವಂಶವಾಹಿಯನ್ನು ಹೇಗೆ ಪತ್ತೆ ಹಚ್ಚಬೇಕು? ಅದಕ್ಕೆ ಬೇಕಾದ ಪ್ರಯೋಗಾಲಯ, ಎಷ್ಟು ಪ್ರಮಾಣ ಇದ್ದರೆ ಬರೆಯಬೇಕು ಎನ್ನುವ ಲೆಕ್ಕ, ಯಾರು ಯಾರಿಗೆ ಕಾಗದ ಕೊಡಬೇಕು ಎನ್ನುವ ವ್ಯವಸ್ಥೆ, ಇದಾವುದೂ ಆ ನಿಯಮದ ಹಿಂದೆ ಇರಲಿಲ್ಲ. ಹಾಗಾಗಿ ಅದು ಪುಸ್ತಕದಲ್ಲೇ ಉಳಿಯಿತು.

ಇದರ ಪರಿಣಾಮ 2018ರಲ್ಲಿ ಎಲ್ಲರಿಗೂ ಕಂಡಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಂದರೆ ಸಿಎಸ್‌ಇ, ಮಾರುಕಟ್ಟೆಯಿಂದ 65 ಆಹಾರ ಪದಾರ್ಥಗಳನ್ನು ತಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿತು. ನೂರಕ್ಕೆ 32ರಷ್ಟರಲ್ಲಿ ಕುಲಾಂತರಿ ಅಂಶ ಸಿಕ್ಕಿತು. ಅದರಲ್ಲಿ ಹೆಚ್ಚಿನವು ಹೊರದೇಶದಿಂದ ಬಂದವು. ಕೆಲವು ಪ್ಯಾಕೆಟ್ಟುಗಳ ಮೇಲಂತೂ 'ಇದರಲ್ಲಿ ಕುಲಾಂತರಿ ಇಲ್ಲ' ಎಂದೇ ಅಚ್ಚಾಗಿತ್ತು. ಬರೆಯದೇ ಇರುವುದು ಒಂದು ತಪ್ಪು. ಇಲ್ಲ ಎಂದು ಬರೆದು ಒಳಗೆ ಇಡುವುದು ಅದಕ್ಕಿಂತ ದೊಡ್ಡ ತಪ್ಪು, ಅಲ್ವಾ?

ಈಗ ನನ್ನ ವಿಷಯಕ್ಕೆ, ಅಂದರೆ ರಸಾಯನಶಾಸ್ತ್ರಕ್ಕೆ ಬರುತ್ತೇನೆ. ಈ ಇಡೀ ಚರ್ಚೆಯ ಗಂಟು ಇರುವುದು ಎಣ್ಣೆಯಲ್ಲಿ. ಕುಲಾಂತರಿ ಹೌದೋ ಅಲ್ಲವೋ ಎಂದು ಪತ್ತೆ ಮಾಡಲು ಆಹಾರದಲ್ಲಿ ಡಿಎನ್‌ಎ ಅಥವಾ ಪ್ರೋಟೀನ್ ಸಿಗಬೇಕು. ಎಣ್ಣೆಯನ್ನು ಸೋಸಿ, ಬಣ್ಣ ತೆಗೆದು, ವಾಸನೆ ತೆಗೆದು ರಿಫೈನ್ ಮಾಡಿದ ಮೇಲೆ ಅವೆರಡೂ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಹಾಗಾಗಿ ಸಿದ್ಧ ಎಣ್ಣೆಯ ಹನಿಯನ್ನು ಪರೀಕ್ಷೆ ಮಾಡಿ ಅದು ಯಾವ ಬೀಜದ್ದು ಎಂದು ಹೇಳುವುದು ಬಹಳ ಕಷ್ಟ.

ಹಾಗಾದರೆ ಚೀಟಿ ಹಾಕಿಸುವುದು ಹೇಗೆ? ಇದಕ್ಕೆ ಎರಡು ದಾರಿ ಇವೆ. ಎರಡೂ ಬೇರೆ ದೇಶಗಳಲ್ಲಿ ನಡೆಯುತ್ತಿವೆ. ಅಮೆರಿಕದಲ್ಲಿ 2022ರ ಜನವರಿ 1ರಿಂದ ಕಡ್ಡಾಯ ಚೀಟಿ ಬಂತು. ಆದರೆ ಪರೀಕ್ಷೆಯಲ್ಲಿ ಏನೂ ಸಿಗದಷ್ಟು ರಿಫೈನ್ ಮಾಡಿದ ಎಣ್ಣೆ, ಸಕ್ಕರೆಗೆ ವಿನಾಯಿತಿ ಕೊಟ್ಟರು. ಆಕಸ್ಮಿಕವಾಗಿ ನೂರಕ್ಕೆ 5ರವರೆಗೆ ಬೆರೆತರೂ ಬರೆಯಬೇಕಿಲ್ಲ. ಅಕ್ಷರದ ಬದಲು ಮೊಬೈಲಿನಲ್ಲಿ ತೋರಿಸಿ ಓದುವ ಕ್ಯೂಆರ್ ಕೋಡ್ ಹಾಕಿದರೂ ನಡೆಯುತ್ತದೆ ಎಂದು ಆಗ ನಿಯಮ ಮಾಡಿದರು. ಯುರೋಪಿನದು ಬೇರೆ ದಾರಿ. ಅಲ್ಲಿ 2004ರಿಂದ, ಎಣ್ಣೆಯಲ್ಲಿ ಏನೂ ಸಿಗದಿದ್ದರೂ, ಅದು ಕುಲಾಂತರಿ ಕಾಳಿನಿಂದ ಬಂದದ್ದಾದರೆ ಬರೆಯಲೇಬೇಕು. ಆಕಸ್ಮಿಕ ಬೆರಕೆಗೆ ಇರುವ ಮಿತಿ ನೂರಕ್ಕೆ 0.9 ಮಾತ್ರ. ಇದು ಹೇಗೆ ಸಾಧ್ಯ? ಕಾಗದದಿಂದ. ಕಾಳು ಮಾರಿದವನು ಗಾಣದವನಿಗೆ, ಗಾಣದವನು ಎಣ್ಣೆ ತುಂಬುವವನಿಗೆ, ಅವನು ಸಗಟು ವ್ಯಾಪಾರಿಗೆ 'ಇದು ಕುಲಾಂತರಿ' ಎಂದು ಬರೆದು ಕೊಡಬೇಕು. ಆ ಕಾಗದ ಐದು ವರ್ಷ ಜೋಪಾನವಾಗಿರಬೇಕು.

ನಮಗೆ ಬೇಕಾದದ್ದು ಎರಡನೆಯದು. ನಮ್ಮ ಅಡುಗೆಮನೆಗೆ ಬರುವ ಕುಲಾಂತರಿ ಬಹುತೇಕ ಎಣ್ಣೆಯ ರೂಪದಲ್ಲೇ ಬರುವುದು. ಎಣ್ಣೆಯನ್ನು ಬಿಟ್ಟು ಚೀಟಿಯ ನಿಯಮ ಮಾಡಿದರೆ, ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದ ಹಾಗೆ.

"ನಮ್ಮ ದೇಶದಲ್ಲಿ ಅದೆಲ್ಲ ಆಗೋದಲ್ಲ ಬಿಡ್ರಿ" ಅನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ವನಸ್ಪತಿಯನ್ನು ತುಪ್ಪಕ್ಕೆ ಬೆರಸಿ ಮಾರುವ ಮೋಸ ನಿಮಗೆ ಗೊತ್ತು. ಕರಗಿಸಿದ ಮೇಲೆ ಕಣ್ಣಿನಿಂದ ನೋಡಿ ಕಂಡುಹಿಡಿಯಲು ಆಗದು. ಆಗ ಸರ್ಕಾರ ಏನು ಮಾಡಿತು? ವನಸ್ಪತಿ ತಯಾರಿಸುವವರು ಅದರಲ್ಲಿ ನೂರಕ್ಕೆ 5 ಭಾಗವಾದರೂ ಎಳ್ಳೆಣ್ಣೆ ಸೇರಿಸಲೇಬೇಕು ಎಂದು ನಿಯಮ ತಂದಿತು. ರುಚಿಗಲ್ಲ, ಆರೋಗ್ಯಕ್ಕೂ ಅಲ್ಲ. ಎಳ್ಳೆಣ್ಣೆ ಇದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಹಾಕಿದಾಗ ಕೆಂಪು ಬಣ್ಣ ಬರುತ್ತದೆ. ತುಪ್ಪದ ಮಾದರಿ ಕೆಂಪಾಯಿತೋ, ಕಳ್ಳ ಸಿಕ್ಕಿಬಿದ್ದ! ಕಾಲೇಜಿನ ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಮಾಡಿ ತೋರಿಸಿದಾಗಲೆಲ್ಲ ಮಕ್ಕಳ ಮುಖ ನೋಡಬೇಕಿತ್ತು. ಕೆಂಪು ನಿಧಾನವಾಗಿ ಕೊಳವೆಯ ತಳದಲ್ಲಿ ಏರುತ್ತಾ ಬರುವಾಗ ಇಡೀ ತರಗತಿ ಉಸಿರು ಬಿಗಿಹಿಡಿದು ನಿಂತಿರುತ್ತಿತ್ತು. ಕಂಡುಹಿಡಿಯಲು ಕಷ್ಟವಾದ ವಸ್ತುವಿಗೆ ಗುರುತನ್ನು ಮೊದಲೇ ಕಟ್ಟಿ ಕಳಿಸುವ ಜಾಣತನ ನಮ್ಮ ದೇಶಕ್ಕೆ ಹಿಂದೆಯೇ ಇತ್ತು. ಮನಸ್ಸು ಮಾಡಿದರೆ ಈಗಲೂ ಆಗುತ್ತದೆ.

ಪ್ಯಾಕೆಟ್ಟಿಗೆ ಚೀಟಿ ಅಂಟಿಸಬಹುದು. ಸಂತೆಯಲ್ಲಿ ಗೋಣಿಚೀಲದ ಮೇಲೆ ಸುರಿದ ಬದನೆಕಾಯಿಗೆ? ಈ ಪ್ರಶ್ನೆ ನಮ್ಮನ್ನು ನೇರವಾಗಿ ಮುಟ್ಟಿದ್ದು ಬಿಟಿ ಬದನೆಯ ಕಾಲದಲ್ಲಿ. ಕಾಯಿಕೊರಕ ಹುಳುವನ್ನು ತಡೆಯಲೆಂದು ಮಹಿಕೊ ಕಂಪನಿ ತಯಾರಿಸಿದ ಈ ಬದನೆಗೆ ಜಿಇಎಸಿ 2009ರ ಅಕ್ಟೋಬರ್ 14ರಂದು ಒಪ್ಪಿಗೆ ಕೊಟ್ಟಿತು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿ ಭಾಗಿಯಾಗಿತ್ತು. ನಮ್ಮ ನಾಡಿನ ಊರತಳಿಗಳಿಗೇ ಬಿಟಿ ವಂಶವಾಹಿ ಸೇರಿಸಿದ್ದರು. ಅವುಗಳಲ್ಲಿ ಉಡುಪಿಯ ಗುಳ್ಳವೂ ಒಂದು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂದು ಮಟ್ಟು ಊರಿನವರು ನಂಬಿ ಬೆಳೆಸಿಕೊಂಡು ಬಂದ ಬದನೆ ಅದು, ಕೃಷ್ಣಮಠದ ಅಡುಗೆಗೆ ಹೋಗುವ ಬದನೆ. ಅದರ ಪಕ್ಕದ ಗದ್ದೆಯಲ್ಲಿ ಬಿಟಿ ಬದನೆ ಹೂ ಬಿಟ್ಟರೆ ನಮ್ಮ ಬೀಜದ ಗತಿ ಏನು ಎಂದು ಅಲ್ಲಿನ ರೈತರು ಚಿಂತೆಗೆ ಬಿದ್ದದ್ದು ಸಹಜ.

ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಒಂದು ಒಳ್ಳೆಯ ಕೆಲಸ ಮಾಡಿದರು. ಏಳು ನಗರಗಳಿಗೆ ಹೋಗಿ ಜನರ ಮಾತು ಕೇಳಿದರು. ಕೊನೆಯ ಸಭೆ ನಮ್ಮ ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ಮೂರು ದಿನ ಕಳೆದು, ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆ ಹಾಕಿದರು. ಆ ತಡೆ ಸರಿಯೋ ತಪ್ಪೋ ಎಂಬ ವಾದ ಇವತ್ತಿಗೂ ಇದೆ. ಪಕ್ಕದ ಬಾಂಗ್ಲಾದೇಶ ಅದೇ ಬಿಟಿ ಬದನೆಯನ್ನು 2013ರಲ್ಲಿ ಒಪ್ಪಿಕೊಂಡಿತು. ನನಗೆ ಆ ಸಭೆಗಳಲ್ಲಿ ಹಿಡಿಸಿದ್ದು ಬೇರೆಯೇ. ಊಟದ ವಿಷಯದಲ್ಲಿ ಉಣ್ಣುವವರನ್ನೂ ಬೆಳೆಯುವವರನ್ನೂ ಕರೆದು ಕೇಳಿದ್ದು.

ಆಮೇಲಿನ ದೊಡ್ಡ ಘಟ್ಟ ಸಾಸಿವೆಯದು. ಡಿಎಂಎಚ್-11 ಎನ್ನುವ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈ 23ರಂದು ಇಬ್ಬರು ನ್ಯಾಯಮೂರ್ತಿಗಳು ಬೇರೆಬೇರೆ ತೀರ್ಪು ಕೊಟ್ಟರು. ಒಪ್ಪಿಗೆಯನ್ನು ರದ್ದು ಮಾಡಬೇಕೆಂದವರು ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಅವರು. ಒಪ್ಪಿಗೆ ಸರಿಯಿದೆ ಎಂದವರು ಸಂಜಯ್ ಕರೋಲ್ ಅವರು. ಆದರೆ ಕೆಲವು ಮಾತಿನಲ್ಲಿ ಇಬ್ಬರೂ ಒಂದೇ. ಕುಲಾಂತರಿ ಬೆಳೆಗಳಿಗೆ ಒಂದು ರಾಷ್ಟ್ರೀಯ ನೀತಿ ಬೇಕು, ರೈತರನ್ನೂ ರಾಜ್ಯಗಳನ್ನೂ ಕೇಳಿ ಮಾಡಬೇಕು ಎಂದರು. ಜೊತೆಗೆ, ಕುಲಾಂತರಿ ಆಹಾರದ ಆಮದಿನಲ್ಲಿ, ಅದರಲ್ಲೂ ಖಾದ್ಯ ಎಣ್ಣೆಯಲ್ಲಿ, ಆಹಾರ ಕಾಯ್ದೆಯ 23ನೇ ಸೆಕ್ಷನ್ ಪಾಲಿಸಬೇಕು ಎಂದು ಹೇಳಿದರು. ಆ ಸೆಕ್ಷನ್ ಇರುವುದು ಪ್ಯಾಕಿಂಗ್ ಮತ್ತು ಚೀಟಿಯ ಬಗ್ಗೆ. ಒಪ್ಪಿಗೆಯ ವಿಷಯದಲ್ಲಿ ಒಪ್ಪದ ಇಬ್ಬರು ಚೀಟಿಯ ವಿಷಯದಲ್ಲಿ ಒಪ್ಪಿದರು! ಪತ್ರಿಕೆಗಳಲ್ಲಿ ಸಾಸಿವೆಯ ಸುದ್ದಿ ದೊಡ್ಡದಾಗಿ ಬಂತು, ಎಣ್ಣೆಯ ಈ ಮಾತಿಗೆ ಜಾಗ ಕಡಿಮೆ ಸಿಕ್ಕಿತು. ನನಗೆ ಇದೇ ಮುಖ್ಯ ಅನ್ನಿಸಿತು.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಚೀಟಿ ಯಾವ ಭಾಷೆಯಲ್ಲಿರಬೇಕು? ನಮ್ಮ ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಕನ್ನಡದಲ್ಲೂ ಬರೆಯಬಹುದು, ಆದರೆ ಬರೆಯಲೇಬೇಕು ಅಂತಿಲ್ಲ. 'ಜಿಎಂ' ಎಂದು ಇಂಗ್ಲಿಷಿನಲ್ಲಿ ಬರೆದರೆ ನನ್ನ ತಂಗಿಗೆ ಏನು ತಿಳಿಯಬೇಕು? ಓದದ ಚೀಟಿಯಿಂದ ಏನಾಗುತ್ತದೆ ಎನ್ನುವುದನ್ನು ನಾನು ಅವಳ ಮನೆಯಲ್ಲೇ ಕಂಡಿದ್ದೇನೆ. ಬಿಟಿ ಹತ್ತಿ ಬೀಜದ 450 ಗ್ರಾಂ ಪ್ಯಾಕೆಟ್ಟಿನ ಜೊತೆ 120 ಗ್ರಾಂನ ಸಣ್ಣ ಪ್ಯಾಕೆಟ್ಟೊಂದು ಬರುತ್ತಿತ್ತು. ಅದು ಬಿಟಿ ಅಲ್ಲದ ಬೀಜ. ಹೊಲದ ಸುತ್ತ ಅದನ್ನು ಬಿತ್ತಿದರೆ ಅಲ್ಲಿ ಸಾಮಾನ್ಯ ಹುಳುಗಳು ಉಳಿಯುತ್ತವೆ, ಬಿಟಿಗೆ ಜಗ್ಗದ ಹುಳುಗಳು ಅವುಗಳ ಜೊತೆ ಕೂಡುತ್ತವೆ, ಹಾಗಾಗಿ ಬಿಟಿಗೆ ಬಗ್ಗದ ಸಂತತಿ ಬೇಗ ಹೆಚ್ಚುವುದಿಲ್ಲ. ಅದಕ್ಕೆಂದೇ ಕೊಟ್ಟದ್ದು. ತಂಗಿಯ ಮಾವನವರು ಆ ಸಣ್ಣ ಪ್ಯಾಕೆಟ್ಟನ್ನು ಕೊಟ್ಟಿಗೆಯ ಮಾಡದಲ್ಲಿ ಎಸೆದಿದ್ದರು. "ಇದನ್ನ ಯಾಕ ಕೊಟ್ಟಾರ ಅಂತ ಯಾರೂ ಹೇಳಲಿಲ್ಲವಾ" ಅಂದರು. ತಪ್ಪು ಅವರದಲ್ಲ. ಊರೂರಿನಲ್ಲಿ ಹೀಗೇ ಆಯಿತು. ಕೆಲವೇ ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಬಿಟಿಯನ್ನು ಅರಗಿಸಿಕೊಂಡು ಮತ್ತೆ ಹೊಲಕ್ಕೆ ಬಂತು.

ಹಾಗಾಗಿ ನಾನು ಕೇಳುವುದು ಕನ್ನಡ ಅಕ್ಷರದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ, 'ಕುಲಾಂತರಿ ಹತ್ತಿಬೀಜದ ಎಣ್ಣೆ' ಎನ್ನುವಂಥ ಪೂರ್ತಿ ಮಾತು. ಕ್ಯೂಆರ್ ಕೋಡ್ ಬೇಡ. ಎಣ್ಣೆ ಹತ್ತಿದ ಕೈಯಲ್ಲಿ, ಸಾಮಾನಿನ ಚೀಲ ಹಿಡಿದುಕೊಂಡು, ಅಂಗಡಿಯಲ್ಲಿ ಯಾರು ಫೋನು ತೆಗೆದು ನೋಡುತ್ತಾರೆ?

ಸಂತೆಯ ಬದನೆಕಾಯಿಗೆ ಚೀಟಿ ಎಲ್ಲಿ ಅಂಟಿಸುವುದು ಎಂದು ಆಗಲೇ ಕೇಳಿದೆನಲ್ಲ. ಅದಕ್ಕೆ ಉತ್ತರ ನನಗೆ ಉಡುಪಿಯಲ್ಲಿ ಸಿಕ್ಕಿತು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಬಂತು. ಬೇರೆ ಕಡೆಯ ಗುಳ್ಳವನ್ನೂ ಮಟ್ಟುಗುಳ್ಳ ಎಂದು ಮಾರುವವರು ಇದ್ದರು. ಒಮ್ಮೆ ಅಲ್ಲಿನ ತರಕಾರಿ ಅಂಗಡಿಯಲ್ಲಿ ನಿಂತು ನೋಡುತ್ತೇನೆ, ಬುಟ್ಟಿಯಲ್ಲಿದ್ದ ಗುಂಡುಗುಂಡಾದ ತಿಳಿಹಸಿರು ಕಾಯಿಗಳ ಮೇಲೆ ಪುಟ್ಟಪುಟ್ಟ ಸ್ಟಿಕರ್! "ಇದೆಂಥದು ಅಣ್ಣಾ?" ಎಂದು ಅಂಗಡಿಯವರನ್ನು ಕೇಳಿದೆ. "ಬೆಳೆದವರೇ ಅಂಟಿಸಿದ್ದು ಅಮ್ಮಾ. ಇದು ಮಟ್ಟುವಿನದ್ದೇ ಅಂತ ತಗೊಂಡವರಿಗೆ ಗೊತ್ತಾಗಬೇಕಲ್ಲ" ಅಂದರು. ನಾನು ಅರ್ಧ ಕಿಲೋ ತೂಗಿಸಿಕೊಂಡೆ. ಮನೆಗೆ ಬಂದು ಸಾಂಬಾರಿಗೆ ಹೆಚ್ಚುವ ಮೊದಲು ಆ ಸ್ಟಿಕರನ್ನು ಬಿಡಿಸಿ, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಎಣ್ಣೆ ಕ್ಯಾನು ಇಡುವ ಕಪಾಟು ಅದು.

ನಮಸ್ಕಾರ.